ಹಸಿ ವಾಸನೆ ಹೋಗುವವರೆಗೆ

ಆ ಮನೆಯ ಊಟದ ರುಚಿ ನನಗೆ ನೆನಪಿಲ್ಲ. ನೆನಪಿದೆ ಎಂದು ಹಲವು ಸಲ ಹೇಳಿದ್ದೇನೆ. ಕೇಳುವವರು ಬಾಯಿ ಚಪ್ಪರಿಸುವುದನ್ನು ನೋಡಿ ಇನ್ನಷ್ಟು ಹೇಳಿದ್ದೇನೆ. ಆಗಷ್ಟೇ ಕಿತ್ತ ಅವರೆಕಾಯಿ, ಬಾವಿಕಟ್ಟೆಯ ಪಕ್ಕದ ಕರಿಬೇವು, ಹಿತ್ತಾಳೆಯ ಪಾತ್ರೆ, ಸೌದೆ ಒಲೆ, ಇವನ್ನು ಒಂದು ಸಾಲಿನಲ್ಲಿ ಜೋಡಿಸಿಟ್ಟರೆ ರುಚಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದು ಪದಗಳ ರುಚಿ. ನಾಲಗೆಯ ಮೇಲೆ ಏನೂ ಉಳಿದಿಲ್ಲ. ಉಳಿದಿರುವುದು ಕೆಲವು ವಾಸನೆಗಳು, ಮತ್ತು ಆ ವಾಸನೆಗಳು ಒಬ್ಬರಿಗೆ ಮಾತ್ರ ಬರುತ್ತಿರಲಿಲ್ಲ ಎಂಬ ಸಂಗತಿ.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಮದುವೆಯಾಗಿ ನಾನು ಬಸವನಗುಡಿಯ ಆ ಮನೆಗೆ ಬಂದದ್ದು ವೈಶಾಖದಲ್ಲಿ. ಮನೆಗಿಂತ ಹಿತ್ತಲು ದೊಡ್ಡದು. ಬಾವಿ, ಬಾಳೆ, ಕರಿಬೇವು, ಬೇಲಿಗುಂಟ ಹಾಗಲ ಬಳ್ಳಿ, ನೀರು ಹರಿಯುವ ಕಡೆ ಕೆಸು, ಹಿಂದಿನ ಗೋಡೆಯವರೆಗೂ ಅವರೆ ಪಾತಿ. ರೇಷನ್ ಅಕ್ಕಿ ಮುಗ್ಗಲು ಹಿಡಿದಿರುತ್ತಿದ್ದ ಆ ದಿನಗಳಲ್ಲಿ ನಮ್ಮ ಊಟಕ್ಕೆ ಮಾನ ಬರುತ್ತಿದ್ದದ್ದು ಹಿತ್ತಲಿನಿಂದ. ಹಿತ್ತಲನ್ನೂ ಅಡುಗೆಮನೆಯನ್ನೂ ಆಳುತ್ತಿದ್ದವರು ಮಾವನವರ ಅಕ್ಕ. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು, ಬರಿಗೈ.

ಆ ಅಡುಗೆಮನೆ ಮಡಿಯದು. ಸ್ನಾನ ಮಾಡಿ ಮಡಿಸೀರೆ ಉಟ್ಟ ಒಬ್ಬರೇ ಒಳಗೆ ಇರಬೇಕು. ಮಿಕ್ಕವರಿಗೆ ಹೊಸ್ತಿಲೇ ಗಡಿ. ದೊಡ್ಡತ್ತೆಗೆ ತಿಂಗಳ ಮೂರು ದಿನಗಳ ಕಾಟ ಮುಗಿದು ಎಷ್ಟೋ ಕಾಲವಾಗಿತ್ತು. ಆದ್ದರಿಂದ ವರ್ಷವಿಡೀ ಒಲೆ ಅವರದೇ. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಮದುವೆಯಾದಾಗಿನಿಂದ ಹಿಂದಿನ ಜಗಲಿಯ ಇದ್ದಿಲೊಲೆಯ ಮೇಲೆ ಕಾಫಿ ಕಾಸಿಕೊಂಡು, ಮಗನಿಗೊಂದು ದೋಸೆ ಹುಯ್ದುಕೊಂಡು ಇದ್ದವರು. ಅದಕ್ಕಾಗಿ ಗೊಣಗಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಮಾತ್ರ ನನ್ನ ಕೈಯಿಂದ ದೋಸೆ ಮೊಗಚುವ ಕೈ ತೆಗೆದುಕೊಂಡು, ಈ ಮನೇಲಿ ನಂದು ಅಂತ ಇರೋ ಆಯುಧ ಇದೊಂದೇ, ಕೊಡು ಎಂದಿದ್ದರು. ನಕ್ಕಿದ್ದರು ಎಂದು ನೆನಪು.

ಇನ್ನೊಂದು ವಿಷಯ ತಿಳಿದಿರಬೇಕು. ದೇವರಿಗೆ ಇಡುವ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲ. ಉಪ್ಪನ್ನು ಕೈಯ ಅಳತೆಯಿಂದ, ಬೆಂದದ್ದನ್ನು ಬೆರಳಿನಿಂದ, ಮಿಕ್ಕದ್ದೆಲ್ಲವನ್ನೂ ಮೂಗಿನಿಂದ ತಿಳಿಯಬೇಕು. ಅಡುಗೆ ಹೇಳಿಕೊಡುವಾಗ ನಮ್ಮ ಹೆಂಗಸರು ಹೇಳುವುದೂ ಹಾಗೆಯೇ: ಘಮ್ ಎನ್ನುವವರೆಗೆ ಹುರಿ, ಹಸಿ ವಾಸನೆ ಹೋಗುವವರೆಗೆ ಕುದಿಸು.

ಆಷಾಢದಲ್ಲಿ ದೊಡ್ಡತ್ತೆಗೆ ಶೀತಜ್ವರ ಹತ್ತಿತು. ಜ್ವರ ಇಳಿದು ಎದ್ದ ಮೇಲೆ ಅವರು ನನ್ನನ್ನು ಪರೀಕ್ಷಿಸತೊಡಗಿದರು. ಹಿತ್ತಲಿನಲ್ಲಿ ಕೊತ್ತಂಬರಿ ಸೊಪ್ಪು ಚಿವುಟಿ, ಅದನ್ನು ತಮ್ಮ ಮೂಗಿಗೆ ಹಿಡಿದು, ನನ್ನ ಅಂಗೈ ಮೇಲೆ ಹಾಕಿ, ಹೇಗಿದೆ ಎಂದು ಕೇಳುವರು. ಆಮೇಲೆ ಮಾವಿನಶುಂಠಿ. ಆಮೇಲೆ ಬೆಣ್ಣೆ ಕಾಯಿಸಿದ ತುಪ್ಪ. ಹೊಸ ಸೊಸೆಗೆ ಇಂಥ ಪರೀಕ್ಷೆಗಳಿರುತ್ತವೆ ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ನಾನು ಯೋಚಿಸಿ, ಪಾಠ ಒಪ್ಪಿಸುವವಳ ಹಾಗೆ ಉತ್ತರ ಕೊಡುತ್ತಿದ್ದೆ. ಕಾರ್ತಿಕದ ಕೊನೆಗೆ ಅವರೆ ಕಾಯಿ ಬಿಟ್ಟಿತು. ಬೆಳಗಿನ ಮಂಜು ಆರುವ ಮೊದಲೇ ದೊಡ್ಡತ್ತೆ ಪಾತಿಗೆ ಇಳಿಯುತ್ತಿದ್ದರು. ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕಾಯಿಯ ಮೈಮೇಲೆ ಅಂಟಂಟು ಎಣ್ಣೆಯಿರುತ್ತದೆ. ಕಿತ್ತ ಕೈ ಮಧ್ಯಾಹ್ನದವರೆಗೂ ಅದರ ವಾಸನೆ ಬಿಡುವುದಿಲ್ಲ. ಅದೇ ಸೊಗಡು. ಸೊಗಡಿಲ್ಲದ ಅವರೆ ದನಕ್ಕೆ ಎಂದು ಆ ಮನೆಯಲ್ಲಿ ಮಾತು.

"ಸೊಗಡು ಇದ್ಯೇನೇ?" ಎಂದು ಕೇಳಿದರು, ಒಂದು ಕಾಯಿಯನ್ನು ನನ್ನ ಮುಖದ ಹತ್ತಿರ ಹಿಡಿದು.

ಇದೆ ಎಂದೆ. ಇನ್ನೊಂದು ಹಿಡಿದರು. ಇದರಲ್ಲಿ ಕಮ್ಮಿ ಎಂದೆ. ತಲೆಯಾಡಿಸಿದರು. ನಾನು ತೇರ್ಗಡೆಯಾದೆ ಎಂದುಕೊಂಡೆ.

ಆಗ ಅವರು ಕಾಯಿಯನ್ನು ಮೂಗಿಗೆ ಬಹಳ ಹೊತ್ತು ಹಿಡಿದುಕೊಂಡಿದ್ದರು, ಕಣ್ಣು ಮುಚ್ಚಿದ್ದರು ಎಂದು ಬರೆಯಬೇಕೆನ್ನಿಸುತ್ತದೆ. ಬರೆಯುವುದಿಲ್ಲ. ಆಗ ನಾನು ಅವರ ಮುಖ ನೋಡುತ್ತಿರಲಿಲ್ಲ, ನನ್ನ ಅಂಕ ನೋಡುತ್ತಿದ್ದೆ. ಆ ಮುಚ್ಚಿದ ಕಣ್ಣು ಆಮೇಲೆ ಎಲ್ಲಿಂದಲೋ ಬಂದು ಸೇರಿಕೊಂಡದ್ದು.

ಸೀಮೆಎಣ್ಣೆಯದು ಮಾತ್ರ ನಿಜ. ಹಿತ್ತಲಿಗೆ ಲಾಟೀನು ಇಟ್ಟುಕೊಳ್ಳುತ್ತಿದ್ದೆವು. ನಾನು ಅದಕ್ಕೆ ಎಣ್ಣೆ ತುಂಬುವಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದಿಷ್ಟು ಚೆಲ್ಲಿತ್ತು. ದೊಡ್ಡತ್ತೆ ಕರಿಬೇವು ಕಿತ್ತು, ಕೈಕಾಲು ತೊಳೆಯಲು ಹೋಗುವಾಗ ಆ ಕಂತೆಯನ್ನು ಅದೇ ಕಲ್ಲಿನ ಮೇಲಿಟ್ಟರು. ಬಂದು ಎತ್ತಿಕೊಂಡರು. ಎರಡು ಎಲೆ ಹಿಸುಕಿ ಮೂಗಿಗೆ ಹಿಡಿದರು.

"ನೋಡು, ಎಷ್ಟು ಘಮ್ಮಂತಿದೆ," ಎಂದರು.

ಅಷ್ಟು ದೂರಕ್ಕೇ ನನಗೆ ಸೀಮೆಎಣ್ಣೆ ನಾರುತ್ತಿತ್ತು. ನಾನು ಅವರ ಮುಖ ನೋಡಿದ್ದು ಆಗ. ಇಷ್ಟು ದಿನ ಕೇಳಿದ್ದು ಪರೀಕ್ಷೆಯಲ್ಲ, ಬರೀ ಪ್ರಶ್ನೆ ಎಂದು ಹೊಳೆದದ್ದೂ ಆಗಲೇ. ಉತ್ತರ ಗೊತ್ತಿಲ್ಲದವರ ಪ್ರಶ್ನೆ. ಹುಳ ಇದೆ ದೊಡ್ಡತ್ತೆ, ಬೇರೆ ಕೀಳಿ ಎಂದೆ. ಅವರು ಕಂತೆಯನ್ನು ತಿರುಗಿಸಿ ನೋಡಿದರು. ಹುಳ ಇರಲಿಲ್ಲ. ನನ್ನನ್ನು ನೋಡಿದರು. ಗೊಬ್ಬರದ ಗುಂಡಿಗೆ ಎಸೆದು ಬಂದು, ಇನ್ನೊಂದು ಸಲ ಸ್ನಾನಕ್ಕೆ ಹೋದರು. ಹೋಗುವಾಗ ಒಂದೇ ಮಾತು: "ಒಲೆ ಬಿಟ್ರೆ ಈ ಮನೇಲಿ ನಾನು ಯಾರೇ?"

ಉತ್ತರಕ್ಕೆ ನಿಲ್ಲಲಿಲ್ಲ. ಮಾವನವರು ಎಂದೂ ಅಕ್ಕನಿಗೆ ಎದುರಾಡಿದವರಲ್ಲ, ಮನೆ ಬಿಟ್ಟು ಹೋಗು ಎನ್ನುವವರೂ ಅಲ್ಲ. ಆದರೆ ಆ ಕಾಲದ ಮನೆಗಳಲ್ಲಿ ಕೆಲಸವಿಲ್ಲದ ಕೆಂಪು ಸೀರೆಯವರು ಹೇಗೆ ಇರುತ್ತಿದ್ದರು ಎಂಬುದು ನನಗೂ ಗೊತ್ತಿತ್ತು. ನಮ್ಮ ತವರಿನಲ್ಲೇ ಒಬ್ಬರಿದ್ದರು. ಮಕ್ಕಳು ಅವರನ್ನು ದಾಟಿಕೊಂಡು ಓಡಾಡುತ್ತಿದ್ದವು.

ಮರುದಿನದಿಂದ ನಾನು ಈಳಿಗೆಮಣೆಯನ್ನು ಅಡುಗೆಮನೆಯ ಹೊಸ್ತಿಲಿನ ಆಚೆಗೇ ಹಾಕಿಕೊಂಡು ಕೂತೆ. ಹೊರಗೆ ಹೆಚ್ಚಿಕೊಟ್ಟ ತರಕಾರಿಯನ್ನು ತೊಳೆದು ಒಳಗೆ ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ. ಹಾಗೆ ಮಾಡೋಣ ಎಂದು ನಾವು ಮಾತಾಡಿಕೊಂಡದ್ದಿಲ್ಲ. ಸಾಸಿವೆ ಸಿಡಿಯುವುದು ಕಿವಿಗೆ ಕೇಳುತ್ತದೆ, ಅದಕ್ಕೆ ನಾನು ಬೇಡ. ಕೊತ್ತಂಬರಿ ಬೀಜ, ಮೆಂತ್ಯ, ತುಪ್ಪ, ಕುದಿಯುವ ಹುಳಿ, ಇವು ಹದಕ್ಕೆ ಬಂದಾಗ ನನ್ನ ಕೈಯ ಗಾಜಿನ ಬಳೆ ಈಳಿಗೆಯ ಮಣೆಗೆ ಒಮ್ಮೆ ತಗಲುತ್ತಿತ್ತು. ಒಳಗೆ ಬಾಣಲೆ ಇಳಿಯುತ್ತಿತ್ತು. ಮೊದಲ ದಿನ ನನ್ನ ಬಳೆ ತಡವಾಗಿ ಮೆಂತ್ಯ ಕಹಿಯಾಯಿತು. ಎಲೆಯ ಮುಂದೆ ಕೂತು ಅನ್ನಕ್ಕೆ ಹೆಸರಿಡಬಾರದು ಎಂಬುದು ಮಾವನವರ ನಿಯಮ. ಅತ್ತೆ ಮಾತ್ರ ಮಜ್ಜಿಗೆಗೆ ಬೇಗ ಕೈಚಾಚಿದರು.

ಆಮೇಲೆ ಕಲಿತೆ. ಸೌದೆಯ ಹೊಗೆಯೊಳಗಿಂದ ಒಂದೊಂದರ ವಾಸನೆಯನ್ನು ಬಿಡಿಸಿಕೊಳ್ಳುವುದು ಕಲಿತೆ. ಧನುರ್ಮಾಸದ ಬೆಳಗಿನ ಹುಗ್ಗಿಗೆ ಮೆಣಸು ಜೀರಿಗೆ ತುಪ್ಪದಲ್ಲಿ ಬಾಡುವ ಹೊತ್ತು, ಹಿತಕಿದ ಅವರೆಬೇಳೆಗೆ ರುಬ್ಬಿದ ಕಾಯಿ ಬಿದ್ದು ಅದರ ಹಸಿ ವಾಸನೆ ಹೋಗುವ ಹೊತ್ತು. ಮಾವನವರು ಒಂದು ದಿನ ಕಚೇರಿಗೆ ಹೊರಡುವಾಗ, ಅಕ್ಕನ ಕೈ ಮತ್ತೆ ಸರಿಹೋಯ್ತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಅಂದರೆ ನಡುವೆ ಕೆಟ್ಟಿತ್ತೆಂದು ಅವರಿಗೂ ತಿಳಿದಿತ್ತು. ದೊಡ್ಡತ್ತೆ ಒಳಗಿನಿಂದ, ವಯಸ್ಸಾದ ಕೈ ಕಣೋ, ಒಂದೊಂದು ದಿನ ಒಂದೊಂದು ಥರ ಎಂದು ಉತ್ತರಿಸಿದರು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಸಂತೋಷವಾಯಿತೇ? ಹೆಮ್ಮೆಯಾಯಿತು ಎಂದು ಈಗ ತೋರುತ್ತದೆ. ಆಗ ಬಹುಶಃ ಹೆದರಿಕೆಯೇ ಹೆಚ್ಚಾಗಿತ್ತು. ಅಷ್ಟು ಜನರ ಊಟ ನನ್ನ ಮೂಗಿನ ಮೇಲೆ ನಿಂತಿತ್ತು, ಮತ್ತು ನಾನು ತಿಂಗಳಿಗೆ ಮೂರು ದಿನ ಅಲ್ಲಿ ಇರುತ್ತಿರಲಿಲ್ಲ.

ಬಳೆಯ ಏರ್ಪಾಟು ಶುರುವಾದ ಮೇಲೆ ಮೊದಲ ಸಲ ನಾನು ಹೊರಗೆ ಕೂತಾಗ ದೊಡ್ಡತ್ತೆ ಮೂರೂ ದಿನ ಹುರಿಯುವ ಅಡುಗೆಯನ್ನೇ ಮಾಡಲಿಲ್ಲ. ಕೋಸಂಬರಿ, ನಿಂಬೆಹಣ್ಣಿನ ಸಾರು, ಬರೀ ಬೇಯಿಸಿದ ಕಾಳು. ಚಳಿಗಾಲದಲ್ಲಿ ಇದೇನು ರಾಮನವಮಿ ಎಂದು ನನ್ನ ಗಂಡ ಹಾಸ್ಯ ಮಾಡಿದರು.

ಎರಡನೆಯ ಸಲ ಬಂದದ್ದು ಪುಷ್ಯದಲ್ಲಿ, ಮಾವನವರ ತಂದೆಯ ಶ್ರಾದ್ಧದ ಹಿಂದಿನ ದಿನ.

ಶ್ರಾದ್ಧದ ಅಡುಗೆಯಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಏನೇನು ಆಗಬೇಕೆಂಬುದು ಮೊದಲೇ ಗೊತ್ತಾದದ್ದು: ಹಿತ್ತಲಿನ ಬಾಳೆಕಾಯಿ, ಹಾಗಲ, ಕೆಸು, ವಡೆ, ಹಾಲಿನ ಪಾಯಸ. ಆ ದಿನ ಹೊರಗಾದವಳ ನೆರಳು ಬೀಳಬಾರದು, ದನಿಯೂ ಕೇಳಬಾರದು. ನನ್ನನ್ನು ಬಾವಿಯಾಚೆಯ ಸೌದೆ ಕೊಟ್ಟಿಗೆಯಲ್ಲಿ ಚಾಪೆ ಹಾಕಿ ಕೂರಿಸಿದರು. ಬೆಳಿಗ್ಗೆ ದೊಡ್ಡತ್ತೆ ಬಾಳೆಕಾಯಿ ಕುಯ್ಯಲು ಬಂದವರು ನನ್ನ ಕಡೆ ನೋಡದೆ ಸ್ವಲ್ಪ ಹೊತ್ತು ನಿಂತರು. ಅವರ ತಂದೆಯ ಶ್ರಾದ್ಧ ಅದು. ಇಷ್ಟು ವರ್ಷವೂ ಅವರೇ ಮಾಡಿದ ಅಡುಗೆ.

ಮುಂದೆ ನಡೆದದ್ದನ್ನು ನಾನು ಕಂಡಿಲ್ಲ. ಆದರೂ ಈ ಬರಹದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅದೇ. ಅಡುಗೆಮನೆಯ ಕತ್ತಲು, ಹಿತ್ತಾಳೆಯ ಪಾತ್ರೆ, ಹಾಲನ್ನು ಕೈಯಾಡಿಸುತ್ತ ನಿಂತ ಕೆಂಪು ಸೀರೆ. ಕಂಡಷ್ಟೇ ಖಚಿತವಾಗಿ ಹೇಳಬಲ್ಲೆ; ಅದಕ್ಕೇ ಅನುಮಾನ. ನನಗೆ ನಿಜವಾಗಿ ಗೊತ್ತಿರುವುದು ವಾಸನೆಯೊಂದೇ. ಪಡಸಾಲೆಯಲ್ಲಿ ಮಂತ್ರ ನಡೆದಿತ್ತು, ಹೋಮದ ಹೊಗೆಯಲ್ಲಿ ಅಲ್ಲಿನವರಿಗೆ ಬೇರೇನೂ ತಿಳಿಯುವಂತಿರಲಿಲ್ಲ. ಅತ್ತೆ ಅಲ್ಲಿ ಎಲೆ ಹಾಸುತ್ತಿದ್ದರು. ಅಡುಗೆಮನೆಯ ಕಿಟಕಿ ಹಿತ್ತಲಿಗೆ. ಮೊದಲು ಕಾದ ಹಾಲು. ಆಮೇಲೆ ಏಲಕ್ಕಿ. ಆಮೇಲೆ, ಹಾಲು ತಳ ಹಿಡಿಯುವಾಗ ಬರುವ ಸೀದ ವಾಸನೆಯ ಮೊದಲ ಸಣ್ಣ ಎಳೆ. ಈಗ ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. ಕೈ ತಾನಾಗಿ ಎದ್ದು ಪಕ್ಕದ ಸೌದೆಗೆ ಬಳೆ ಬಡಿಯಿತು. ಒಣ ಕಟ್ಟಿಗೆಯ ಮೇಲೆ ಗಾಜಿನ ಸದ್ದು ಎಷ್ಟು ದೂರ ಹೋದೀತು? ಕಮಟು ದಟ್ಟವಾಯಿತು.

"ದೊಡ್ಡತ್ತೆ, ಪಾಯಸ!"

ಮಂತ್ರ ನಿಂತಿತು.

ಆ ಮೌನದಲ್ಲಿ ನನಗೆ ಎಲ್ಲ ಕೇಳಿಸಿತು. ಮಾವನವರ ಹೆಜ್ಜೆ. ಪಾತ್ರೆ ನೆಲಕ್ಕಿಳಿದ ಸದ್ದು. ಆಮೇಲೆ ಅವರ ದನಿ, ಸಿಟ್ಟಿಲ್ಲದ್ದು: "ಅಕ್ಕ, ಬಾವಿಯಾಚೆ ಕೂತಿರೋಳಿಗೆ ಗೊತ್ತಾಗಿದೆ. ನೀನು ಮುಂದೇ ಇದೀಯ. ವಾಸನೆ ಬರ್ಲಿಲ್ವಾ?"

ದೊಡ್ಡತ್ತೆ, ಹೊಗೆ ಇತ್ತು ಕಣೋ ಎಂದರು.

"ಹೊಗೆ ಅಲ್ಲ," ಎಂದರು ಅತ್ತೆ. "ಆಷಾಢದ ಜ್ವರದಿಂದ ಅವರಿಗೆ ಯಾವ ವಾಸನೆಯೂ ಬರಲ್ಲ."

ಯಾವ ಧಾಟಿಯಲ್ಲಿ ಹೇಳಿದರು? ಇದನ್ನು ನಾನು ಹಲವು ಥರ ಕೇಳಿಕೊಂಡಿದ್ದೇನೆ. ಗೆದ್ದ ಧಾಟಿ, ಕನಿಕರದ ಧಾಟಿ, ಬಿಸಿ ಪಾತ್ರೆಯನ್ನು ಇನ್ನು ಹಿಡಿದುಕೊಂಡಿರಲಾರೆ ಎಂದು ಕೆಳಗಿಡುವವರ ಧಾಟಿ. ಗೋಡೆಯಾಚೆಯಿಂದ ಕೇಳಿದ ದನಿಗೆ ಯಾವ ಮುಖವನ್ನಾದರೂ ಅಂಟಿಸಬಹುದು.

ನನ್ನ ದನಿ ಬಿದ್ದ ದೋಷವನ್ನು ಪುರೋಹಿತರು ಎರಡು ಉದ್ಧರಣೆ ನೀರು ಚಿಮುಕಿಸಿ ಕಳೆದರಂತೆ. ಪಕ್ಕದ ಮನೆಯಿಂದ ಹಾಲು ಬಂತು. ಅತ್ತೆ ಮತ್ತೆ ತಲೆಗೆ ನೀರು ಹುಯ್ದುಕೊಂಡು ಒದ್ದೆಯಲ್ಲೇ ಹೋಗಿ, ಆ ಒಲೆಯ ಮೇಲೆ ಮೊದಲ ಸಲ ಪಾತ್ರೆ ಇಟ್ಟರು. ಬ್ರಾಹ್ಮಣರು ಉಂಡು ತೃಪ್ತಿ ಹೇಳಿದರು. ಆ ಹೊತ್ತಿಗೆ ದೊಡ್ಡತ್ತೆ ಅವರೆ ಪಾತಿಯ ಬದಿಯಲ್ಲಿ ಕೂತಿದ್ದರು, ನನ್ನಿಂದ ಕೂಗಳತೆಯಲ್ಲಿ. ಮಡಿಸೀರೆ ಮಣ್ಣಾಗುತ್ತಿತ್ತು. ನಾನು ಏನೋ ಹೇಳಲು ಹೋದೆ. ಅವರು ಕೈಯೆತ್ತಿ ತಡೆದರು. ನೀನು ಕೂಗದೇ ಇದ್ರೆ ಸೀದ ಪಾಯಸ ನಮ್ಮಪ್ಪನಿಗೆ ಬಡಿಸ್ತಿದ್ದೆ ಎಂದರು. ಅದು ಸಮಾಧಾನದ ಮಾತೇ ಇರಬೇಕು. ಹಾಗೆಂದು ತೆಗೆದುಕೊಳ್ಳಲು ನನಗೆ ಇಂದಿಗೂ ಆಗಿಲ್ಲ.

ಜಗಳವಾಗಲಿಲ್ಲ. ಅಕ್ಕ ಇಷ್ಟು ವರ್ಷ ದುಡಿದಿದ್ದಾಳೆ, ಇನ್ನು ವಿಶ್ರಾಂತಿ ತೊಗೊಳ್ಳಲಿ ಎಂದರು ಮಾವನವರು. ಆ ಮಾತಿನಲ್ಲಿ ಅವರಿಗೆ ಯಾವ ಕೆಟ್ಟತನವೂ ಕಾಣಲಿಲ್ಲ, ಇರಲೂ ಇಲ್ಲ. ದೊಡ್ಡತ್ತೆ ಪಡಸಾಲೆಯ ಕಂಬಕ್ಕೊರಗಿ ಅವರೆ ಹಿತಕಲು ಕೂತರು. ನೆನೆದ ಕಾಳು ಅವರ ಬೆರಳ ನಡುವೆ ಸಿಪ್ಪೆ ಬಿಟ್ಟು ಪುಟುಪುಟು ಪಾತ್ರೆಗೆ ಹಾರುತ್ತಿತ್ತು. ಎರಡು ಹೊತ್ತೂ ಅಡುಗೆಮನೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಅತ್ತೆಯ ಅಡುಗೆ ಚೆನ್ನಾಗಿತ್ತು. ಬಹಳ ಹೆದರಿ ಮಾಡಿದ ಅಡುಗೆ. ಪ್ರತಿಯೊಂದರ ಮೇಲೂ ಬಗ್ಗಿ ಬಗ್ಗಿ ಮೂಸುತ್ತಿದ್ದರು. ಅದು ಪಡಸಾಲೆಗೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ನಾನು ಹೊಸ್ತಿಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಅತ್ತೆ ಒಳಗಿನಿಂದ, ತಿರುಗದೆಯೇ ಹೇಳಿದರು: "ನಿನ್ನ ಬಳೆ ಸದ್ದು ನನಗೂ ಕೇಳಿಸ್ತಿತ್ತು ಕಣೇ."

ಬಿಡಿಸಿದ ದಂಟನ್ನು ಬದಿಗಿಟ್ಟೆ.

"ನಾನು ಮೊದಲೇ ಹೇಳಿದ್ರೆ, ಒಲೆ ಆಸೆಗೆ ಹೇಳಿದ್ಲು ಅಂತಿದ್ರು. ಆಸೆ ಇರಲಿಲ್ಲ ಅಂತ ನಾನೂ ಹೇಳಲ್ಲ."

ಓಕಳಿಪುರದಲ್ಲಿ ಮಾವನವರ ತಮ್ಮನ ಮನೆ. ರೈಲು ಹಳಿಗೆ ಹತ್ತಿದ ಹಾಗೆ ಇದ್ದ ವಠಾರದ ಎರಡು ಕೋಣೆ; ತುಳಸಿಗೂ ಡಬ್ಬದಲ್ಲೇ ಜಾಗ. ಅವರ ಹೆಂಡತಿಗೆ ಎದೆಯ ಕಾಯಿಲೆ, ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಅಡುಗೆಗೆ ಜನ ಸಿಗದೆ ಒದ್ದಾಡುತ್ತಿದ್ದರು. ಇದು ತಿಳಿದ ದಿನವೇ ದೊಡ್ಡತ್ತೆ, ಜಟಕಾ ಕರೆಸು ಎಂದರು. ಮಾವನವರು ಬೇಡ ಎಂದರು. ಅಲ್ಲಿ ಹಿತ್ತಲಿಲ್ಲ, ದಿನವಿಡೀ ಇಂಜಿನ್ ಹೊಗೆ, ಒಗೆದ ಬಟ್ಟೆಯೂ ಕಪ್ಪಾಗುತ್ತದೆ ಎಂದರು.

"ಅದೇ ಸರಿ ಬಿಡೋ," ಎಂದರು ದೊಡ್ಡತ್ತೆ. "ಅಲ್ಲಿ ಎಲ್ಲರಿಗೂ ಬರೋದು ಹೊಗೆ ವಾಸನೆ ಒಂದೇ. ನಾನು ಎಲ್ಲರ ಹಾಗೇ ಇರ್ತೀನಿ."

ಮಾವನವರು ನಕ್ಕುಬಿಟ್ಟರು, ಆಮೇಲೆ ಮುಖ ಆಚೆ ತಿರುಗಿಸಿದರು. ತಮ್ಮನಿಗೂ ಆತನ ಹೆಂಡತಿಗೂ ಏನೂ ಹೇಳಕೂಡದು ಎಂದು ದೊಡ್ಡತ್ತೆ ಮಾತು ತೆಗೆದುಕೊಂಡರು. ಅತ್ತೆಯಿಂದಲೂ ತೆಗೆದುಕೊಂಡರು. ನನ್ನನ್ನು ಕೇಳಲಿಲ್ಲ.

ಮುಂದಿನ ಅವರೆ ಕಾಲಕ್ಕೆ ನಾನು ಅಲ್ಲಿಗೆ ಹೋದೆ. ಮಂಜಿನಲ್ಲಿ ಪಾತಿಗಿಳಿದು ಒಂದೊಂದೇ ಕಾಯಿ ಮೂಸಿ ಆರಿಸಿ, ಕೈಚೀಲ ತುಂಬಿ ಕಳಿಸಿದವರು ಅತ್ತೆ. ಒಂದು ಗೂಡ್ಸ್ ಗಾಡಿ ಹಾದು ಹೋಗುವವರೆಗೆ ಬಾಗಿಲಲ್ಲಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಒಳಗೆ, ಅಡುಗೆ ಕೋಣೆಗೆ ಎದುರಾಗಿ ಮಂಚ. ಕಾಯಿಲೆಯವರು ದಿಂಬಿಗೊರಗಿ ಕೂತಿದ್ದರು. ಅಕ್ಕ ಬಂದ್ಮೇಲೆ ನಮ್ಮ ಮನೇಲಿ ಊಟ ಅನ್ನೋದು ಶುರುವಾಯ್ತು ಎಂದು ಅವರು ನನಗೆ ಹೇಳಿದರು. ದೊಡ್ಡತ್ತೆ ಸೊರಗಿದ್ದರು. ಮಡಿಯಲ್ಲಿದ್ದುದರಿಂದ ನನ್ನ ಕೈಯಿಂದ ತೆಗೆದುಕೊಳ್ಳದೆ, ನೆಲಕ್ಕೆ ಸುರಿಯಲು ಹೇಳಿದರು. ಒಂದು ಕಾಯಿ ಆರಿಸಿ, ಉಗುರಿನಿಂದ ಗೀರಿ, ಮೂಗಿಗೆ ಹಿಡಿದರು.

ಈ ಸಲ ಪ್ರಶ್ನೆ ಬರಲಿಲ್ಲ.

"ಒಳ್ಳೇ ಸೊಗಡು," ಎಂದರು, ಮಂಚಕ್ಕೆ ಕೇಳುವ ಹಾಗೆ.

ಹೌದು ದೊಡ್ಡತ್ತೆ ಎಂದೆ. ಆದರೆ ನಿಜ ಹೇಳಬೇಕೆಂದರೆ ಆ ಹೊಗೆಯಲ್ಲಿ ನನಗೂ ಏನೂ ತಿಳಿಯಲಿಲ್ಲ.

ಅವರು ಒಳಗೆ ಹೋಗಿ ಒಲೆಯ ಮೇಲೆ ಬಾಣಲೆ ಇಟ್ಟು ಕೊತ್ತಂಬರಿ ಬೀಜ ಹಾಕಿದರು. ನಾನು ಗೋಡೆಗೆ ಒರಗಿ, ಬಳೆ ಸದ್ದಾಗದ ಹಾಗೆ ಎರಡು ಕೈಯನ್ನೂ ಮಡಿಲಿನಲ್ಲಿ ಬಿಗಿಹಿಡಿದು ಕೂತೆ. ಯಾಕೆ ಹಾಗೆ ಕೂತೆನೋ. ಬೀಜ ಕೆಂಪಗಾಗುವ ಘಮ ಹೊಗೆಯನ್ನು ಸೀಳಿಕೊಂಡು ನನ್ನವರೆಗೂ ಬಂತು. ಇನ್ನೇನು ಇಳಿಸಬೇಕು, ಎಂದುಕೊಳ್ಳುವಷ್ಟರಲ್ಲಿ ಮಂಚದ ಮೇಲಿದ್ದವರು ಒಮ್ಮೆ ಕೆಮ್ಮಿದರು.

ದೊಡ್ಡತ್ತೆ ಬಾಣಲೆ ಇಳಿಸಿದರು.

ನಾನು ಮಂಚದ ಕಡೆ ತಿರುಗಿದೆ. ಕಾಯಿಲೆಯವರು ನನ್ನನ್ನೇ ನೋಡುತ್ತಿದ್ದರು, ಅಥವಾ ನನ್ನ ಹಿಂದಿನ ಕಿಟಕಿಯನ್ನು. ಸೆರಗಿನಿಂದ ಬಾಯೊರೆಸಿಕೊಂಡರು. ಬಸವನಗುಡಿಯವರ ಕ್ಷೇಮ ವಿಚಾರಿಸಿದರು, ನಾನು ಹೇಳುತ್ತ ಹೋದೆ. ನಡುವೆ ಮತ್ತೆ ಕೆಮ್ಮಿದರು, ಇನ್ನೂ ಒಮ್ಮೆ, ಎದೆ ಹಿಡಿದುಕೊಂಡು. ಆಗ ಒಲೆಯ ಮೇಲೆ ಏನೂ ಇರಲಿಲ್ಲ.